ಚೀಲ ತುಂಬುವ ಕೆಲಸ ಯಾರದು?

ಸೂಪರ್‌ಮಾರ್ಕೆಟ್ಟಿನಲ್ಲಿ ಗ್ರಾಹಕರಿಗೂ ಸಿಬ್ಬಂದಿಗೂ ನಡುವೆ ಮನಸ್ತಾಪ ಹುಟ್ಟುವುದು ಬೆಲೆಯ ವಿಷಯಕ್ಕಿಂತ ಹೆಚ್ಚಾಗಿ ಚೀಲ ತುಂಬುವ ವಿಷಯಕ್ಕೆ ಎಂಬುದನ್ನು ಬೆಂಗಳೂರಿನ ಬಿಲ್ಲಿಂಗ್ ಕೌಂಟರುಗಳ ಸಾಲಿನಲ್ಲಿ ನಿಂತಾಗಲೆಲ್ಲ ನಾನು ಗಮನಿಸಿದ್ದೇನೆ. ಬೆಲೆ ಪರದೆಯ ಮೇಲೆ ಕಾಣುತ್ತದೆ. ತಪ್ಪಿದ್ದರೆ ಕೇಳಬಹುದು, ಸರಿಪಡಿಸಿಕೊಳ್ಳಬಹುದು. ಆದರೆ ಸ್ಕ್ಯಾನ್ ಆದ ಸಾಮಾನು ಕೌಂಟರಿನ ಆಚೆ ತುದಿಯಲ್ಲಿ ಗುಡ್ಡೆ ಬಿದ್ದಿರುವಾಗ ಅದನ್ನು ಚೀಲಕ್ಕೆ ಹಾಕಬೇಕಾದವರು ಯಾರೆಂದು ಯಾವ ಫಲಕವೂ ಹೇಳುವುದಿಲ್ಲ. ಗ್ರಾಹಕರು ಕೈಕಟ್ಟಿ ನಿಂತು ಸಿಬ್ಬಂದಿಯ ಮುಖ ನೋಡುತ್ತಾರೆ. ಬಿಲ್ ಹಾಕುವವರು ಆಗಲೇ ಮುಂದಿನವರ ಬುಟ್ಟಿಗೆ ಕೈಹಾಕಿರುತ್ತಾರೆ. ಒಬ್ಬರ ಬೇಳೆ ಇನ್ನೊಬ್ಬರ ಸೋಪಿನ ಜೊತೆ ಸೇರಿಕೊಳ್ಳುತ್ತದೆ, ಹಿಂದೆ ನಿಂತವರು ಗೊಣಗತೊಡಗುತ್ತಾರೆ, ಆ ಗೊಣಗಾಟವೆಲ್ಲ ಕೊನೆಗೆ ಹೋಗಿ ತಟ್ಟುವುದು ಅಲ್ಲಿ ಅತ್ಯಂತ ಕಡಿಮೆ ಸಂಬಳ ಪಡೆಯುವ ವ್ಯಕ್ತಿಗೆ.

ದಿನಸಿ ಅಂಗಡಿಯಲ್ಲಿ ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಚೀಟಿ ಕೊಟ್ಟರೆ ಶೆಟ್ಟರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಒಳಗಿನ ಹುಡುಗ ತೊಗರಿಬೇಳೆ, ಸಕ್ಕರೆ, ಕಡಲೆಹಿಟ್ಟುಗಳನ್ನು ತೂಗಿ, ಹಳೆಯ ಪತ್ರಿಕೆಯ ಹಾಳೆಯಲ್ಲಿ ಪೊಟ್ಟಣ ಮಾಡಿ, ಮೇಲಿನಿಂದ ಇಳಿಬಿದ್ದ ದಾರವನ್ನು ಎಳೆದು ಸುತ್ತಿ ಕಟ್ಟುತ್ತಿದ್ದ. ಪೊಟ್ಟಣ ಅಂಗಡಿಯವರದು, ಚೀಲ ನಮ್ಮದು. ಎಣ್ಣೆಗಾದರೆ ಡಬ್ಬಿಯನ್ನೂ ನಾವೇ ಒಯ್ಯಬೇಕಿತ್ತು. ಚೀಲಕ್ಕೆ ಹಾಕುವ ಕೆಲಸವನ್ನು ಶೆಟ್ಟರು ತಾವೇ ಮಾಡುತ್ತಿದ್ದರು, ಏಕೆಂದರೆ ಒಂದೊಂದು ಪೊಟ್ಟಣವನ್ನೂ ಚೀಟಿಗೆ ತಾಳೆ ನೋಡಿ ಹಾಕುವುದೇ ಅವರ ಕೊನೆಯ ಲೆಕ್ಕವಾಗಿತ್ತು. ಬಿಲ್ ಹಾಕುವುದು, ಚೀಲ ತುಂಬುವುದು ಎಂಬ ಎರಡು ಕೆಲಸಗಳು ಅಲ್ಲಿ ಬೇರೆಬೇರೆ ಇರಲಿಲ್ಲ. ಒಂದೇ ಕೈ ಎರಡನ್ನೂ ಒಟ್ಟಿಗೆ ಮುಗಿಸುತ್ತಿತ್ತು.

ಅವೆರಡನ್ನು ಬೇರ್ಪಡಿಸಿದ್ದು ಗ್ರಾಹಕರೇ ಸಾಮಾನು ಆರಿಸಿಕೊಳ್ಳುವ ಪದ್ಧತಿ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದು, ಜನ ತಾವೇ ಕಪಾಟುಗಳ ನಡುವೆ ಓಡಾಡಿ ಬುಟ್ಟಿ ತುಂಬಿಕೊಂಡು ಬಾಗಿಲ ಬಳಿ ಹಣ ಕೊಡುವ ವ್ಯವಸ್ಥೆ ಮಾಡಿದ. ಅಂಗಡಿಯವನು ಮಾಡುತ್ತಿದ್ದ ಅರ್ಧ ಕೆಲಸ ಆಗ ಗ್ರಾಹಕರ ಪಾಲಿಗೆ ಬಂತು. ಉಳಿದರ್ಧದಲ್ಲಿ ಯಾವುದು ಯಾರದು ಎಂಬುದನ್ನು ಒಂದೊಂದು ದೇಶ ಒಂದೊಂದು ಬಗೆಯಲ್ಲಿ ತೀರ್ಮಾನಿಸಿಕೊಂಡಿತು. ಅಮೆರಿಕದ ಬಹಳಷ್ಟು ಅಂಗಡಿಗಳಲ್ಲಿ ಚೀಲ ತುಂಬಲೆಂದೇ ಪ್ರತ್ಯೇಕ ಕೆಲಸಗಾರರು ಉಳಿದುಕೊಂಡರು. ಜರ್ಮನಿಯಲ್ಲಿ ಅದು ಪೂರ್ತಿಯಾಗಿ ಗ್ರಾಹಕರ ಕೆಲಸ. ಅಲ್ಲಿನ ಅಗ್ಗದ ದರದ ಮಳಿಗೆಗಳಲ್ಲಿ ಕ್ಯಾಷಿಯರ್ ಕುರ್ಚಿಯ ಮೇಲೆ ಕುಳಿತು ಬಹಳ ವೇಗವಾಗಿ ಸ್ಕ್ಯಾನ್ ಮಾಡುತ್ತಾರೆ, ಗ್ರಾಹಕರು ಸಾಮಾನನ್ನು ಹಾಗೆಯೇ ಮತ್ತೆ ಟ್ರಾಲಿಗೆ ಹಾಕಿಕೊಂಡು ಹಣ ಕೊಟ್ಟು, ಆಚೆ ಗೋಡೆಯ ಪಕ್ಕದಲ್ಲಿರುವ ಉದ್ದನೆಯ ಹಲಗೆಯ ಬಳಿ ನಿಂತು ನಿಧಾನವಾಗಿ ಚೀಲ ತುಂಬಿಕೊಳ್ಳುತ್ತಾರೆ. ಕೆಲಸಕ್ಕೆಂದು ಬೆಂಗಳೂರು, ಮೈಸೂರುಗಳಿಂದ ಅಲ್ಲಿಗೆ ಹೋದ ನಮ್ಮವರು ಮೊದಮೊದಲು ಆ ವೇಗಕ್ಕೆ ಕಂಗಾಲಾಗುವುದುಂಟು. ಆದರೆ ಅಲ್ಲಿ ಯಾರೂ ಯಾರನ್ನೂ ಅವಮಾನಿಸುತ್ತಿಲ್ಲ. ಎಲ್ಲರಿಗೂ ತಿಳಿದಿರುವ ಒಂದು ಒಪ್ಪಂದ ಅದು. ಇಂಥ ಒಪ್ಪಂದಗಳನ್ನು ಹೊರಗಿನಿಂದ ತಂದು ಹೇರಲಿಕ್ಕಾಗುವುದಿಲ್ಲ ಎಂಬುದಕ್ಕೂ ಅದೇ ದೇಶ ಉದಾಹರಣೆ. 1997ರಲ್ಲಿ ಜರ್ಮನಿಗೆ ಕಾಲಿಟ್ಟ ಅಮೆರಿಕದ ಮಳಿಗೆ ಸರಣಿ ವಾಲ್‌ಮಾರ್ಟ್ 2006ರಲ್ಲಿ ಹೊರನಡೆಯಿತು. ಅದಕ್ಕೆ ದರ ಪೈಪೋಟಿ, ಕಾರ್ಮಿಕ ಕಾನೂನು ಮೊದಲಾದ ದೊಡ್ಡ ಕಾರಣಗಳಿದ್ದವು ನಿಜ. ಆದರೆ ಅಪರಿಚಿತರು ಬಂದು ತಮ್ಮ ಸಾಮಾನನ್ನು ಮುಟ್ಟಿ ಚೀಲಕ್ಕೆ ಹಾಕುವುದು ಅಲ್ಲಿನ ಗ್ರಾಹಕರಿಗೆ ಹಿಡಿಸಲಿಲ್ಲ ಎಂಬುದೂ ಆ ವೈಫಲ್ಯದ ಕಥೆಯಲ್ಲಿ ಸೇರಿಕೊಂಡಿದೆ.

ನಮ್ಮಲ್ಲಿ ಆಗಿರುವ ತೊಂದರೆಯೆಂದರೆ ಇಂಥ ಯಾವ ಒಪ್ಪಂದವೂ ನೆಲೆಗೊಳ್ಳದಿರುವುದು. ಸೂಪರ್‌ಮಾರ್ಕೆಟ್ಟುಗಳು ಬಂದ ಹೊಸತರಲ್ಲಿ ಪ್ಲಾಸ್ಟಿಕ್ ಕವರ್ ಪುಕ್ಕಟೆ ಸಿಗುತ್ತಿತ್ತು. ಕವರ್ ಅಂಗಡಿಯದಾದ್ದರಿಂದ ತುಂಬುವವರೂ ಅಂಗಡಿಯವರೇ ಆಗಿದ್ದರು. ಕೌಂಟರಿನ ತುದಿಯಲ್ಲಿ ಅದಕ್ಕೆಂದೇ ಒಬ್ಬ ಹುಡುಗ ನಿಂತಿರುತ್ತಿದ್ದ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಅದು ಆಗಲೇಬೇಕಿದ್ದ ಕೆಲಸ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಕವರ್ ಹೋಗಿ ದುಡ್ಡು ಕೊಟ್ಟು ಕೊಳ್ಳಬೇಕಾದ ಕ್ಯಾರಿ ಬ್ಯಾಗ್ ಬಂತು, ಇಲ್ಲವೇ ನಾವು ಮನೆಯಿಂದ ತಂದ ಬಟ್ಟೆಯ ಚೀಲ ಬಂತು. ಚೀಲ ಗ್ರಾಹಕರದಾದ ಕೂಡಲೇ ಅದರೊಳಗೆ ಕೈ ಹಾಕಲು ಸಿಬ್ಬಂದಿಗೆ ಸಂಕೋಚ ಶುರುವಾಯಿತು. ಅವರು ಸಂಕೋಚಪಟ್ಟು ಹಿಂದೆ ಸರಿದದ್ದನ್ನು ಗ್ರಾಹಕರು ಅಸಡ್ಡೆ ಎಂದುಕೊಂಡರು. ಚೀಲ ತುಂಬುವ ಹುಡುಗನ ಕೆಲಸವನ್ನೂ ಹಲವು ಮಳಿಗೆಗಳು ಖರ್ಚು ಉಳಿಸಲೆಂದು ತೆಗೆದುಹಾಕಿದವು. ಹೀಗೆ ಒಂದು ಕೆಲಸಕ್ಕೆ ವಾರಸುದಾರರೇ ಇಲ್ಲದಂತಾಯಿತು.

ಬ್ಯಾಗಿನ ಬೆಲೆಯ ಜಗಳ ಗ್ರಾಹಕರ ನ್ಯಾಯಾಲಯಗಳ ತನಕವೂ ಹೋಗಿದೆ. ಬ್ಯಾಗಿಗೆ ದುಡ್ಡು ಕೊಡಬೇಕೆಂಬುದನ್ನು ಮೊದಲೇ ತಿಳಿಸದೆ, ಸಾಮಾನೆಲ್ಲ ಆರಿಸಿ ಹಣ ಕೊಡುವ ಹೊತ್ತಿಗೆ ಹೇಳುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ವಿವಾದಗಳ ಪರಿಹಾರ ಆಯೋಗ 2020ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. ಆ ತೀರ್ಪಿನ ಹಿಂದಿನ ತರ್ಕ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಆ ಕೊನೆಯ ಗಳಿಗೆಯಲ್ಲಿ ಗ್ರಾಹಕರಿಗೆ ಬೇರೆ ದಾರಿಯೇ ಇರುವುದಿಲ್ಲ. ಅದರ ಮೇಲೆ ಎಷ್ಟೋ ಮಳಿಗೆಗಳು ಮನೆಯಿಂದ ತಂದ ಚೀಲವನ್ನು ಬಾಗಿಲಲ್ಲೇ ಇಸಿದುಕೊಂಡು ಟೋಕನ್ ಕೊಡುತ್ತವೆ, ಇಲ್ಲವೇ ಅದರ ಬಾಯಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತವೆ. ಕಳ್ಳತನದ ಭಯಕ್ಕೆ ಹಾಗೆ ಮಾಡುತ್ತಾರೆಂಬುದು ಅರ್ಥವಾಗುತ್ತದೆ. ಆದರೆ ಸಾಮಾನು ಒಳಗಿನ ಕೌಂಟರಿನಲ್ಲಿ, ಚೀಲ ಹೊರಗಿನ ಗೂಡಿನಲ್ಲಿ ಇರುವಾಗ, "ಬ್ಯಾಗ್ ತಂದಿದ್ದೀರಾ, ಮೇಡಂ?" ಎಂದು ಕೇಳುವ ಸಿಬ್ಬಂದಿಯೂ, "ತಂದಿದ್ದೇನೆ, ನೀವೇ ಇಟ್ಟುಕೊಂಡಿದ್ದೀರಲ್ಲ" ಎಂದು ಉತ್ತರಿಸುವ ಗ್ರಾಹಕರೂ ತಾವು ಮಾಡದ ತಪ್ಪಿಗೆ ಒಬ್ಬರ ಮೇಲೊಬ್ಬರು ಸಿಡಿಮಿಡಿಗೊಳ್ಳಬೇಕಾಗುತ್ತದೆ. ಖಾಲಿ ಚೀಲವನ್ನು ಮಡಿಸಿ ಟ್ರಾಲಿಯಲ್ಲಿ ಇಟ್ಟುಕೊಳ್ಳಲು ಬಿಡುವ ಮಳಿಗೆಗಳೂ ಇವೆ. ಅಂಥಲ್ಲಿ ಕೌಂಟರಿನ ವಾತಾವರಣವೇ ಬೇರೆಯಾಗಿರುತ್ತದೆ.

ಹಾಗಾದರೆ ಚೀಲ ತುಂಬಬೇಕಾದವರು ಯಾರು? ಕೌಂಟರಿನಲ್ಲಿ ಒಬ್ಬರೇ ಸಿಬ್ಬಂದಿ ಇದ್ದರೆ, ಕೈಕಾಲು ಗಟ್ಟಿಯಾಗಿರುವ ಗ್ರಾಹಕರು ತಮ್ಮ ಚೀಲವನ್ನು ತಾವೇ ತುಂಬಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. "ನಾವು ದುಡ್ಡು ಕೊಡುತ್ತೇವೆ, ಅವರಿಗೆ ಸಂಬಳ ಬರುತ್ತದೆ" ಎಂಬ ಮಾತನ್ನು ಕೇಳಿದ್ದೇನೆ, ಅದನ್ನು ಒಪ್ಪಲಾರೆ. ಅವರಿಗೆ ಸಂಬಳ ಬರುವುದು ಬಿಲ್ ಹಾಕುವುದಕ್ಕೆ. ಅದರ ಜೊತೆಗೆ ಫೋನ್ ನಂಬರ್ ಕೇಳಬೇಕು, ಯಾವುದೋ ಆಫರ್ ಬಗ್ಗೆ ಹೇಳಬೇಕು, ಯುಪಿಐ ಹಣ ಬಂತೋ ಇಲ್ಲವೋ ನೋಡಬೇಕು, ತರಕಾರಿ ತೂಗಿಸದೆ ತಂದವರನ್ನು ತಕ್ಕಡಿಯತ್ತ ಕಳಿಸಬೇಕು, ನಡುವೆ ಮೇಲ್ವಿಚಾರಕರ ಕರೆಗೆ ಓಗೊಡಬೇಕು. ಇಷ್ಟೆಲ್ಲದರ ಮೇಲೆ ಇನ್ನೊಬ್ಬರು ಮಾಡುತ್ತಿದ್ದ ಕೆಲಸವನ್ನೂ ಅವರ ತಲೆಗೆ ಕಟ್ಟಿದ್ದು ಮಳಿಗೆಯ ಆಡಳಿತ. ಆ ಹೊರೆಯನ್ನು ಇಳಿಸುವ ಅಧಿಕಾರ ನಮಗಿಲ್ಲ. ಹೊರಲು ಕೈಜೋಡಿಸುವುದಂತೂ ನಮ್ಮಿಂದಾಗುತ್ತದೆ. ಸ್ಕ್ಯಾನ್ ಆಗುತ್ತಿರುವಾಗಲೇ ತುಂಬುತ್ತಾ ಹೋದರೆ ಕೊನೆಯ ಸಾಮಾನು ಸ್ಕ್ಯಾನ್ ಆಗುವ ಹೊತ್ತಿಗೆ ಚೀಲವೂ ಸಿದ್ಧವಾಗಿರುತ್ತದೆ. ಪರದೆಯ ಮೇಲೆ ಬೆಲೆ ಸರಿಯಾಗಿ ಬೀಳುತ್ತಿದೆಯೇ ಎಂದು ನೋಡಿಕೊಳ್ಳಬೇಕಾದ ಕಾರಣ ತುಂಬಲಾಗುವುದಿಲ್ಲ ಎನ್ನುವವರ ಮಾತಿನಲ್ಲೂ ನ್ಯಾಯವಿದೆ. ಇಬ್ಬರು ಬಂದಿದ್ದರೆ ಒಬ್ಬರು ನೋಡಲಿ, ಒಬ್ಬರು ತುಂಬಲಿ. ಒಬ್ಬರೇ ಆಗಿದ್ದರೆ ಬಿಲ್ಲನ್ನು ಪಕ್ಕಕ್ಕೆ ಸರಿದು ಓದಬಹುದು, ಅದರಲ್ಲಿ ತಪ್ಪು ಕಂಡರೆ ಮರಳಿ ಬಂದು ಕೇಳುವ ಹಕ್ಕು ಎಲ್ಲಿಗೂ ಹೋಗುವುದಿಲ್ಲ.

ಗ್ರಾಹಕರೇ ತುಂಬಿಕೊಳ್ಳಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ, ನನಗೆ ಹೆಚ್ಚು ಇಷ್ಟವಾದ ಕಾರಣ ಅದು. ಯಾವುದರ ಜೊತೆ ಯಾವುದು ಹೋಗಬೇಕೆಂಬುದು ಮನೆಮನೆಯ ವಿಷಯ. ಭಾರದ್ದು ಕೆಳಗೆ, ಹಗುರದ್ದು ಮೇಲೆ ಎಂಬ ನಿಯಮ ಎಲ್ಲರಿಗೂ ಗೊತ್ತು. ಆದರೆ ಚಹಾಪುಡಿಯ ಪಕ್ಕದಲ್ಲಿ ಊದುಬತ್ತಿ ಇಟ್ಟರೆ ಚಹಾಕ್ಕೆ ಅದರ ವಾಸನೆ ಹಿಡಿಯುತ್ತದೆ, ಅಕ್ಕಿಯ ಜೊತೆ ಬಟ್ಟೆ ಸೋಪು ಇಟ್ಟರೆ ಅನ್ನ ಉಣ್ಣಲಾಗುವುದಿಲ್ಲ, ಫ್ರಿಜ್ಜಿನಿಂದ ತೆಗೆದ ಹಾಲು ಮೊಸರಿನ ಪ್ಯಾಕೆಟ್ಟು ಬೆವರಿ ಕಾಗದದ ಬ್ಯಾಗಿನ ತಳವನ್ನು ನೆನೆಸಿಬಿಡುತ್ತದೆ ಎಂಬುದು ಅನುಭವದಿಂದ ಬರುವ ತಿಳಿವಳಿಕೆ. ಕೆಲವು ಮನೆಗಳಲ್ಲಿ ಮೊಟ್ಟೆಯ ಜೊತೆ ಕರ್ಪೂರ, ಅರಿಸಿನ, ಕುಂಕುಮ ಬರಕೂಡದು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೊಂಡ ತೆಂಗಿನಕಾಯಿ ಅಡುಗೆಗೋ ಕಲಶಕ್ಕೋ ಎಂಬುದು ಕೊಂಡವರಿಗಷ್ಟೇ ಗೊತ್ತು. ರಾಯಚೂರಿನಿಂದಲೋ ಒಡಿಶಾದಿಂದಲೋ ದುಡಿಯಲು ಬಂದು ಕೌಂಟರಿನಲ್ಲಿ ನಿಂತಿರುವ ಇಪ್ಪತ್ತರ ಹರೆಯದ ಹುಡುಗನಿಗೆ ನಮ್ಮ ಮನೆಯ ಮಡಿ, ಮೈಲಿಗೆ, ರೂಢಿಗಳೆಲ್ಲ ತಿಳಿದಿರಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಸ್ಕೂಟರಿನ ಕೊಕ್ಕೆಗೆ ತೂಗಿಹಾಕುವ ಚೀಲಕ್ಕೂ ಬಸ್ಸಿನಲ್ಲಿ ಎರಡು ಕೈಯಲ್ಲಿ ಹಿಡಿದು ನಿಲ್ಲಬೇಕಾದ ಚೀಲಕ್ಕೂ ತುಂಬುವ ರೀತಿಯೇ ಬೇರೆ: ಮೊದಲನೆಯದರಲ್ಲಿ ಎಲ್ಲವೂ ಒಂದೇ ಚೀಲಕ್ಕೆ ಹಿಡಿಯಬೇಕು, ಎರಡನೆಯದರಲ್ಲಿ ಭಾರ ಎರಡು ಚೀಲಗಳಿಗೆ ಸಮನಾಗಿ ಹಂಚಿಕೆಯಾಗಬೇಕು. ಸಿಬ್ಬಂದಿಯೇ ತುಂಬಿಕೊಡುವ ಕಡೆ ಇದನ್ನೆಲ್ಲ ಮೊದಲೇ ಹೇಳುವುದು ಒಳ್ಳೆಯದು. ಅವರು ತುಂಬಿ ಮುಗಿಸಿದ ಮೇಲೆ, ಅವರ ಕಣ್ಣೆದುರಿಗೇ ಎಲ್ಲವನ್ನೂ ಹೊರಗೆ ತೆಗೆದು ಬೇರೆ ರೀತಿಯಲ್ಲಿ ಜೋಡಿಸುವುದು ಅವರ ಕೆಲಸವನ್ನು ತಿರಸ್ಕರಿಸಿದಂತೆ.

ಆ ಕೆಲಸ ದೇಹಕ್ಕೆ ಎಷ್ಟು ಭಾರ ಎಂಬುದು ಸಾಲಿನ ಈಚೆ ನಿಂತವರಿಗೆ ಕಾಣುವುದಿಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಇಲಾಖೆ 2004ರಲ್ಲಿ ದಿನಸಿ ಮಳಿಗೆಗಳಿಗೆಂದೇ ಮಾರ್ಗಸೂಚಿ ಹೊರಡಿಸಿ, ಬಿಲ್ಲಿಂಗ್ ಮತ್ತು ಚೀಲ ತುಂಬುವ ಕೆಲಸದಲ್ಲಿ ಸೊಂಟ, ಭುಜ, ಮಣಿಕಟ್ಟುಗಳಿಗೆ ಆಗುವ ಪೆಟ್ಟನ್ನು ತಗ್ಗಿಸುವ ಬಗೆಗಳನ್ನು ವಿವರಿಸಿತು. ಭಾರದ ಸಾಮಾನನ್ನು ಎತ್ತಿಸದೆ, ಕೈಯಲ್ಲಿ ಹಿಡಿಯುವ ಸ್ಕ್ಯಾನರಿನಿಂದ ಟ್ರಾಲಿಯಲ್ಲೇ ಬಾರ್‌ಕೋಡ್ ಓದಿಸುವುದು ಅಂಥ ಒಂದು ಉಪಾಯ. ನಮ್ಮಲ್ಲಿ ಇದನ್ನು ಮಾಡಲು ಯಾವ ಆದೇಶವೂ ಬೇಕಿಲ್ಲ. ಹತ್ತು ಕಿಲೋ ಅಕ್ಕಿಯ ಚೀಲವನ್ನು ಬಾರ್‌ಕೋಡ್ ಮೇಲೆ ಬರುವಂತೆ ಟ್ರಾಲಿಯಲ್ಲೇ ಮಲಗಿಸಿ, "ಇದು ಇಲ್ಲೇ ಇರಲಿ, ಇಲ್ಲೇ ಸ್ಕ್ಯಾನ್ ಮಾಡಿ" ಎಂದರೆ ಒಂದು ಸಲ ಎತ್ತುವ, ಒಂದು ಸಲ ಇಳಿಸುವ ಶ್ರಮ ಅವರಿಗೆ ತಪ್ಪುತ್ತದೆ. ತಿಂಗಳ ಮೊದಲ ವಾರ, ಸಂಬಳ ಬಂದ ಜನರೆಲ್ಲ ಟ್ರಾಲಿ ತುಂಬಿಕೊಂಡು ನಿಂತಿರುವ ಭಾನುವಾರದ ಸಂಜೆ, ಅವರು ಅಂಥ ಎಷ್ಟು ಅಕ್ಕಿ ಚೀಲಗಳನ್ನು ಎತ್ತಿ ಇಳಿಸುತ್ತಾರೆ ಎಂದು ಯೋಚಿಸಿದರೆ ಇದು ಸಣ್ಣ ಉಪಕಾರವಲ್ಲ.

ಅದೂ ನಿಂತುಕೊಂಡೇ. ನಾನು ಹೋಗುವ ಮಳಿಗೆಗಳ ಕೌಂಟರುಗಳ ಹಿಂದೆ ಕುರ್ಚಿ ಕಂಡದ್ದು ಅಪರೂಪ. ಕೇರಳದಲ್ಲಿ ಕೋಯಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಅಲ್ಲಿನ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು ಅಂಗಡಿಯ ಕೆಲಸಗಾರರಿಗೆ ಕುಳಿತುಕೊಳ್ಳಲು ವ್ಯವಸ್ಥೆ ಮಾಡಬೇಕೆಂದು ವಿಧಿಸಿತು. 2021ರಲ್ಲಿ ತಮಿಳುನಾಡು ಅದೇ ಹಾದಿ ಹಿಡಿಯಿತು. ನೆರೆಯ ಎರಡು ರಾಜ್ಯಗಳಲ್ಲಿ ಕಾನೂನಿನ ಬಲದಿಂದ ಸಿಕ್ಕ ಈ ಸೌಲಭ್ಯವನ್ನು ನಮ್ಮ ಮಳಿಗೆಗಳು ಮನುಷ್ಯತ್ವದಿಂದಲೇ ಕೊಡಬಹುದು. ಕುಳಿತು ಬಿಲ್ ಹಾಕುವ ಸಿಬ್ಬಂದಿಯನ್ನು ಸೋಮಾರಿಗಳೆಂದು ಭಾವಿಸುವ ಗ್ರಾಹಕರಿದ್ದಾರೆ ಎಂಬ ನೆಪವನ್ನು ಆಡಳಿತದವರು ಮುಂದಿಡಬಹುದು. ಜರ್ಮನಿಯ ಆ ಕ್ಯಾಷಿಯರುಗಳು ಕುಳಿತೇ ಎಷ್ಟು ಚುರುಕಾಗಿ ಕೆಲಸ ಮಾಡುತ್ತಾರೆಂದು ಕಂಡವರಿಗೆ ಆ ನೆಪ ನಿಲ್ಲುವುದಿಲ್ಲ.

ಮಾತಿನ ವಿಷಯಕ್ಕೆ ಬಂದರೆ, ನನ್ನನ್ನು ಹೆಚ್ಚು ನೋಯಿಸುವುದು ಏಕವಚನ. ಸೀರೆ ಅಂಗಡಿಯ ಮಾಲೀಕರನ್ನು "ಬನ್ನಿ, ಹೋಗಿ" ಎನ್ನುವವರೇ ಇಲ್ಲಿ "ಏ, ಬೇಗ ಹಾಕು, ಸರಿಯಾಗಿ ಜೋಡಿಸು" ಎನ್ನುತ್ತಾರೆ. ವಯಸ್ಸಿನಲ್ಲಿ ಕಿರಿಯರಾದವರನ್ನು "ಏನಮ್ಮಾ", "ಏನಪ್ಪಾ" ಎಂದು ಅಕ್ಕರೆಯಿಂದ ಕರೆಯುವುದು ಬೇರೆ, ಸಮವಸ್ತ್ರ ತೊಟ್ಟಿದ್ದಾರೆಂಬ ಒಂದೇ ಕಾರಣಕ್ಕೆ ಗದರಿಸುವುದು ಬೇರೆ. ಕೇಳಿಸಿಕೊಳ್ಳುವವರಿಗೆ ಆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಕಿವಿಗೆ ಫೋನ್ ಹಚ್ಚಿಕೊಂಡು, ಕಣ್ಸನ್ನೆಯಲ್ಲೇ ಚೀಲ ತೋರಿಸಿ ತುಂಬಿಸಿಕೊಳ್ಳುವವರದೂ ಅಂಥದೇ ಒರಟುತನ. ಸಿಬ್ಬಂದಿಯೂ ಕೆಲವು ವಿಷಯಗಳಲ್ಲಿ ಎಚ್ಚರ ವಹಿಸಬೇಕು. ಬ್ರೆಡ್ಡನ್ನೂ ಟೊಮೇಟೊವನ್ನೂ ಎತ್ತಿ ಒಗೆಯಬಾರದು. ಒಬ್ಬ ಗ್ರಾಹಕರು ತಮ್ಮ ಸಾಮಾನನ್ನು ಪೂರ್ತಿ ತೆಗೆದುಕೊಳ್ಳುವ ತನಕ ಮುಂದಿನವರದನ್ನು ಅದೇ ಜಾಗಕ್ಕೆ ತಳ್ಳಬಾರದು. ಬ್ಯಾಗ್ ಬೇಡವೆಂದ ಮೇಲೆ ಮತ್ತೆ ಮತ್ತೆ ಒತ್ತಾಯಿಸಬಾರದು. ಸ್ಯಾನಿಟರಿ ಪ್ಯಾಡಿನ ಪ್ಯಾಕೆಟ್ಟು ಬಂದಾಗ ಅದಕ್ಕೆ ಸುತ್ತಲು ಪೇಪರ್ ಎಲ್ಲಿದೆ ಎಂದು ಪಕ್ಕದ ಕೌಂಟರಿಗೆ ಕೂಗಿ ಕೇಳುವುದು, ಯಾವುದನ್ನು ಮುಚ್ಚಬೇಕೆಂದುಕೊಂಡರೋ ಅದನ್ನೇ ಎಲ್ಲರಿಗೂ ಸಾರಿದಂತಾಗುತ್ತದೆ. ಉಳಿದ ಸಾಮಾನಿನ ಜೊತೆ ಅದನ್ನೂ ಸಹಜವಾಗಿ ಚೀಲಕ್ಕೆ ಹಾಕಿದರೆ ಸಾಕು.

ವಯಸ್ಸಾದವರು, ಗರ್ಭಿಣಿಯರು, ಕಂಕುಳಲ್ಲಿ ಮಗುವಿರುವ ತಾಯಂದಿರು, ಒಂದು ಕೈಗೆ ಪಟ್ಟಿ ಕಟ್ಟಿಕೊಂಡವರು, ಇವರ ವಿಷಯದಲ್ಲಿ ನಾನು ಮೇಲೆ ಹೇಳಿದ ಯಾವ ನಿಯಮವೂ ಅನ್ವಯಿಸುವುದಿಲ್ಲ. ಅವರಿಗೆ ಮಳಿಗೆಯವರೇ ತುಂಬಿಕೊಡಬೇಕು, ಬಾಗಿಲ ತನಕ ತಂದುಕೊಡಬೇಕು, ಆಟೋದವರೆಗೂ ಹೋಗಿ ಇಟ್ಟುಬಂದರೆ ಇನ್ನೂ ಒಳ್ಳೆಯದು. ಕೇಳದೆಯೇ ಎದ್ದುಬಂದು "ಕೊಡಿ ಅಜ್ಜಿ, ನಾನು ಹಾಕ್ತೀನಿ" ಎನ್ನುವ ಹುಡುಗ ಹುಡುಗಿಯರನ್ನು ನಮ್ಮ ಊರಿನ ಮಳಿಗೆಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಸಾಲಿನಲ್ಲಿ ಹಿಂದೆ ನಿಂತ ನಾವೂ ಮುಂದೆ ಬಂದು ಒಂದು ಚೀಲದ ಬಾಯಿ ಹಿಡಿದುಕೊಂಡರೆ ಸಮಯವೂ ಉಳಿಯುತ್ತದೆ.

ಚೀಲ ತುಂಬಿದ ಮೇಲೂ ಒಂದು ಗಂಡಾಂತರ ಉಳಿದಿರುತ್ತದೆ. ಬಾಗಿಲಲ್ಲಿ ನಿಂತ ಸೆಕ್ಯೂರಿಟಿಯವರು ಬಿಲ್ ನೋಡಿ ತೂತು ಮಾಡಿ ಕೊಡುತ್ತಾರೆ. ಕೆಲವೊಮ್ಮೆ ಜೋಡಿಸಿಟ್ಟ ಚೀಲದೊಳಗೆ ಕೈ ಹಾಕಿ ಎಣಿಸುತ್ತಾರೆ, ತಳದಲ್ಲಿದ್ದ ಅಕ್ಕಿ ಮೇಲೆ ಬರುತ್ತದೆ, ಮೇಲಿದ್ದ ಮೊಟ್ಟೆ ಕೆಳಗೆ ಹೋಗುತ್ತದೆ. ಆ ಕಾವಲುಗಾರರೂ ಹೇಳಿದಷ್ಟು ಮಾಡುವವರೇ, ಅವರೊಡನೆ ಜಗಳಕ್ಕಿಳಿಯುವುದರಿಂದ ಉಪಯೋಗವಿಲ್ಲ. ಆದರೆ ಮಳಿಗೆ ತನ್ನದೇ ಸಿಬ್ಬಂದಿ ಬಿಲ್ ಹಾಕಿ, ತುಂಬಿಕೊಟ್ಟ ಚೀಲವನ್ನು ಹತ್ತು ಹೆಜ್ಜೆ ದೂರದಲ್ಲಿ ಮತ್ತೆ ತಡಕಾಡುವುದರಲ್ಲಿ ಗ್ರಾಹಕರ ಮೇಲಿನ ಅಪನಂಬಿಕೆಯಷ್ಟೇ ತನ್ನ ಕೆಲಸಗಾರರ ಮೇಲಿನ ಅಪನಂಬಿಕೆಯೂ ಕಾಣುತ್ತದೆ.

ಇದಕ್ಕೆಲ್ಲ ದೊಡ್ಡ ಖರ್ಚಿನ ಪರಿಹಾರಗಳೇನೂ ಬೇಕಿಲ್ಲ. ಜಪಾನಿನ ಸೂಪರ್‌ಮಾರ್ಕೆಟ್ಟುಗಳಲ್ಲಿ ಕ್ಯಾಷಿಯರ್ ಒಂದು ಬುಟ್ಟಿಯಿಂದ ಸಾಮಾನು ತೆಗೆದು ಸ್ಕ್ಯಾನ್ ಮಾಡಿ, ಭಾರ ಕೆಳಗೆ ಹಗುರ ಮೇಲೆ ಬರುವಂತೆ ಇನ್ನೊಂದು ಬುಟ್ಟಿಯಲ್ಲಿ ಅಂದವಾಗಿ ಜೋಡಿಸುತ್ತಾರೆ. ಗ್ರಾಹಕರು ಆ ಬುಟ್ಟಿಯನ್ನು ಕೌಂಟರಿನಾಚೆ ಇರುವ ಮೇಜಿಗೆ ಒಯ್ದು, ಯಾರ ಅವಸರಕ್ಕೂ ಸಿಲುಕದೆ ತಮ್ಮ ಚೀಲ ತುಂಬಿಕೊಳ್ಳುತ್ತಾರೆ. ಜರ್ಮನಿಯ ಗೋಡೆ ಪಕ್ಕದ ಹಲಗೆಯೂ ಮಾಡುವುದು ಇದೇ ಕೆಲಸ. ನಮ್ಮ ಮಳಿಗೆಗಳಲ್ಲಿ ಬಾಗಿಲ ಬಳಿ ಚಾಕೊಲೇಟು, ತಂಪು ಪಾನೀಯಗಳ ಕಪಾಟಿಗೆ ಸಿಗುವ ಜಾಗದ ಅರ್ಧದಷ್ಟನ್ನು ಇಂಥ ಒಂದು ಮೇಜಿಗೆ ಬಿಟ್ಟುಕೊಟ್ಟರೆ ಸಾಲು ಬೇಗ ಸಾಗುತ್ತದೆ.

ಬಹಳಷ್ಟು ಮಳಿಗೆಗಳಲ್ಲಿ ಸಲಹೆ ಮತ್ತು ದೂರುಗಳಿಗೆಂದು ಒಂದು ಪುಸ್ತಕವೋ ಪೆಟ್ಟಿಗೆಯೋ ಇರುತ್ತದೆ. ಅದರಲ್ಲಿ "ಸಿಬ್ಬಂದಿ ಬ್ಯಾಗ್ ತುಂಬಿಕೊಡಲಿಲ್ಲ" ಎಂಬ ದೂರುಗಳನ್ನು ಕಂಡಿದ್ದೇನೆ. ಅಂಥ ಒಂದು ಸಾಲಿನಿಂದ ಕೌಂಟರಿನವರು ಮೇಲಿನವರ ಬೈಗುಳ ಕೇಳಬೇಕಾಗುತ್ತದೆ, ಮಳಿಗೆಯಲ್ಲಿ ಮಾತ್ರ ಏನೂ ಬದಲಾಗುವುದಿಲ್ಲ. ನಾನು ಬರೆಯುವುದು ಬೇರೆ: ಪ್ರತಿ ಕೌಂಟರಿಗೂ ಒಂದು ಎತ್ತರದ ಕುರ್ಚಿ ಹಾಕಿಸಿ, ಖಾಲಿ ಚೀಲವನ್ನು ಒಳಗೆ ಬಿಡಿ, ಬ್ಯಾಗಿನ ಬೆಲೆಯನ್ನು ಪ್ರವೇಶದ್ವಾರದಲ್ಲೇ ಕನ್ನಡದಲ್ಲಿ ಬರೆಸಿ, ಕೌಂಟರಿನಾಚೆ ಚೀಲ ತುಂಬಿಕೊಳ್ಳಲು ಒಂದು ಮೇಜು ಇಡಿ, ಹಬ್ಬದ ವಾರಗಳಲ್ಲಾದರೂ ಕೌಂಟರಿಗೆ ಎರಡನೆಯವರೊಬ್ಬರನ್ನು ನೇಮಿಸಿ. ಚೆನ್ನಾಗಿ ನಡೆದುಕೊಂಡ ಸಿಬ್ಬಂದಿಯ ಹೆಸರು ಅವರ ಎದೆಯ ಮೇಲಿನ ಬಿಲ್ಲೆಯಲ್ಲಿ ಕಂಡರೆ ಅದನ್ನೂ ಸೇರಿಸಿ ಬರೆಯುತ್ತೇನೆ, ಏಕೆಂದರೆ ಆ ಪುಸ್ತಕವನ್ನು ಮ್ಯಾನೇಜರು ತೆರೆದಾಗ ದೂರಿನ ಜೊತೆಗೆ ಒಂದು ಒಳ್ಳೆಯ ಮಾತೂ ಅವರ ಹೆಸರಿನ ಮುಂದೆ ಇರಬೇಕು.